ಮನೆ ಕಾವಲಿಗೆ ರಿವಾಲ್ವರ್: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಕೊಡಗಿನಲ್ಲಿ ಕೋವಿ ಹೊಸದೇನಲ್ಲ. ನಮ್ಮ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ, ಸುಗ್ಗಿಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ರಿವಾಲ್ವರ್ ಮಾತು ಬೇರೆ. ತೋಟದ ನಡುವೆ ಒಂಟಿ ಮನೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಇಲ್ಲಿ ವಯಸ್ಸಾದ ಇಬ್ಬರೇ. ಇಂಥ ಮನೆಗಳವರು ‘ಒಂದು ಸಣ್ಣದು ಇದ್ದರೆ ಒಳ್ಳೇದಲ್ವಾ’ ಎಂದು ಕೇಳುತ್ತಾರೆ. ಇರಬಹುದು. ಆದರೆ ಅಂಗಳಕ್ಕೆ ಒಳ್ಳೆಯ ಲೈಟು, ಹಿಂಬಾಗಿಲಿಗೆ ಗಟ್ಟಿ ಚಿಲಕ, ಬೊಗಳುವ ಎರಡು ನಾಯಿ ಇನ್ನೂ ಇಲ್ಲ ಎಂದಾದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಆನೆ ಓಡಿಸಲು ಅಂತ ರಿವಾಲ್ವರ್ ಕೇಳುವವರೂ ಇದ್ದಾರೆ. ಆ ಯೋಚನೆ ಬಿಟ್ಟುಬಿಡಿ. ಆನೆಗೆ ಅದು ನಾಟುವುದಿಲ್ಲ, ಕೇಸು ಮಾತ್ರ ನಿಮಗೆ ನಾಟುತ್ತದೆ.

ಮೊದಲು ಕಾಗದ

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಹಾಗಂತ ವಿನಾಯಿತಿ ಪತ್ರ ಹಿಡಿದು ರಿವಾಲ್ವರ್ ತರಲು ಸೀದಾ ಮೈಸೂರಿಗೆ ಹೊರಡಬೇಡಿ. ಜಿಲ್ಲೆಯ ಗಡಿ ದಾಟಿದ ಮೇಲೆ ಆ ವಿನಾಯಿತಿಯಲ್ಲಿ ಇಟ್ಟುಕೊಳ್ಳಬಹುದಾದದ್ದು ಒಂದು ರೈಫಲ್, ಒಂದು ಬಂದೂಕು, ಅವುಗಳ ಗುಂಡು. ಕೈಬಂದೂಕಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ರಿವಾಲ್ವರ್ ಬೇಕೆನ್ನುವವರು ಯಾರೇ ಆಗಲಿ, ಲೈಸೆನ್ಸ್ ಮಾಡಿಸಿಕೊಳ್ಳುವುದೇ ತಲೆನೋವಿಲ್ಲದ ದಾರಿ.

ಅರ್ಜಿ ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗೆ. 21 ವರ್ಷ ತುಂಬಿರಬೇಕು. ಪೊಲೀಸರು ವಿಚಾರಿಸಿ ವರದಿ ಕೊಡುತ್ತಾರೆ. ಯಾಕೆ ಬೇಕು ಎಂಬ ಕಡೆ ‘ಆತ್ಮರಕ್ಷಣೆಗೆ’ ಎಂದು ಸುಮ್ನೆ ಒಂದು ಪದ ಗೀಚಬೇಡಿ. ಪಕ್ಕದ ಮನೆ ಎಷ್ಟು ದೂರ, ಹಿಂದೆ ಕಳವು ಆಗಿತ್ತೇ, ದೂರು ಕೊಟ್ಟಿದ್ದರೆ ಅದರ ಪ್ರತಿ, ಎಲ್ಲ ಬರೆದು ಲಗತ್ತಿಸಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಮೇಲೆ ಒಬ್ಬರಿಗೆ ಎರಡೇ ಆಯುಧ. ಈಗಾಗಲೇ ಎರಡಿದ್ದರೆ ಒಂದನ್ನು ಬಿಡಬೇಕು. ಲೈಸೆನ್ಸ್ ಅವಧಿ 5 ವರ್ಷ.

ಯಾವ ಬೋರು?

ಬೋರು ಎಂದರೆ ನಳಿಗೆಯ ಒಳಗಿನ ಅಗಲ. ಇಲ್ಲಿ ಆಯ್ಕೆ ಜಾಸ್ತಿ ಇಲ್ಲ, ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. .38 ರಿವಾಲ್ವರ್, 9 ಎಂಎಂ ಪಿಸ್ತೂಲು ನಿಷೇಧಿತ ಬೋರು, ಸಾಮಾನ್ಯರಿಗೆ ಸಿಗುವುದಿಲ್ಲ. ಉಳಿದವುಗಳಲ್ಲಿ ಸಾಮಾನ್ಯವಾಗಿ ಸಿಗುವುದು .32 ಮತ್ತು .22. ಮನೆ ಕಾವಲಿಗೆ .32 ತೆಗೆದುಕೊಳ್ಳಿ. .22ಕ್ಕೆ ಕೈಗೆ ಬೀಳುವ ಒದೆತ ಕಡಿಮೆ, ನಿಜ, ಆದರೆ ಏಟೂ ಕಡಿಮೆ. ಕೈಯಲ್ಲಿ ಬಲವೇ ಇಲ್ಲದವರು ಮಾತ್ರ ಅದನ್ನು ಯೋಚಿಸಬಹುದು.

ಹಗುರ ಎಂದರೆ ಒಳ್ಳೆಯದೇ?

ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇಲ್ಲಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ‘ನಿರ್ಭೀಕ್’ ಬಂತು. ಟೈಟಾನಿಯಂ ಮಿಶ್ರಲೋಹದ .32, ತೂಕ ಸುಮಾರು 500 ಗ್ರಾಂ, ಹೆಣ್ಣುಮಕ್ಕಳ ಕೈಚೀಲಕ್ಕೆ ಎಂದೇ ಪ್ರಚಾರ. 2023ರಲ್ಲಿ ಬಂದ ‘ಪ್ರಬಲ್’ ಕೂಡ .32, ತೂಕ ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್. ಅಂಗಡಿಯಲ್ಲಿ ಎರಡನ್ನೂ ಎತ್ತಿ ನೋಡಿದರೆ ಯಾರಿಗೂ ಹಗುರವಾದದ್ದೇ ಇಷ್ಟವಾಗುತ್ತದೆ. ಆದರೆ ಗುಂಡು ಹಾರಿದಾಗ ಒದೆತವನ್ನು ನುಂಗುವುದು ಆಯುಧದ ತೂಕ. ಹಗುರವಾದದ್ದು ಕೈಯಲ್ಲಿ ಕುಣಿಯುತ್ತದೆ, ಎರಡನೇ ಗುಂಡಿಗೆ ಗುರಿ ಮತ್ತೆ ಹುಡುಕಬೇಕು. ದಿನವಿಡೀ ಸೊಂಟದಲ್ಲಿ ಹೊರುವವರಿಗೆ ಹಗುರ ಬೇಕು ಸರಿ. ಬೀರುವಿನಲ್ಲಿ ಕೂರುವ ಆಯುಧಕ್ಕೆ ಯಾಕೆ? ಮನೆಗೆ ಭಾರದ್ದೇ ವಾಸಿ.

ತೂಕದ ನಂತರ ಟ್ರಿಗರ್. ಹ್ಯಾಮರ್ ಹಿಂದಕ್ಕೆ ಎಳೆಯದೆ ಸೀದಾ ಟ್ರಿಗರ್ ಒತ್ತಿದರೆ ಅದು ಉದ್ದಕ್ಕೆ ಬರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಕಾಫಿ ಕೊಯ್ದು ಗಂಟು ಕಟ್ಟಿದ ಬೆರಳಿಗೆ ಇದು ಸುಲಭವಲ್ಲ. ಅಂಗಡಿಯವರ ಒಪ್ಪಿಗೆ ಪಡೆದು, ಗುಂಡಿಲ್ಲದ್ದನ್ನು ಖಚಿತಪಡಿಸಿಕೊಂಡು, ಆರು ಸಲ ಒತ್ತಿ ನೋಡಿ. ಆರನೆಯ ಸಲಕ್ಕೆ ನಳಿಗೆಯ ತುದಿ ನಡುಗುತ್ತಿದ್ದರೆ ಅದು ನಿಮ್ಮದಲ್ಲ. ಒಂದು ವಿಷಯ ರಿವಾಲ್ವರ್ ಪರವಾಗಿ ಹೇಳಲೇಬೇಕು: ತೋಟಾ (ಕಾರ್ತೂಸು) ಸಿಡಿಯದಿದ್ದರೆ ಮತ್ತೆ ಟ್ರಿಗರ್ ಒತ್ತಿದರಾಯಿತು, ತೋಟಾ ತುಂಬುವ ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಗಾಬರಿಯಲ್ಲಿ ಪಿಸ್ತೂಲಿನ ಹಾಗೆ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಿಡುವ ಕೆಲಸವಿಲ್ಲ.

ಸಿಲಿಂಡರ್ ತೆರೆದು ಬೆಳಕಿಗೆ ಹಿಡಿಯಿರಿ. ತೋಟಾ ಕೂರುವ ಎಲ್ಲ ಕೋಣೆಗಳೂ ಕನ್ನಡಿಯಂತೆ ಹೊಳೆಯಬೇಕು. ಮುಚ್ಚಿ, ಹ್ಯಾಮರ್ ಎಳೆದು, ಸಿಲಿಂಡರನ್ನು ಎರಡು ಬೆರಳಲ್ಲಿ ಅಲುಗಾಡಿಸಿ. ಗಡಗಡ ಆಡಿದರೆ ಕೋಣೆಯೂ ನಳಿಗೆಯೂ ನೇರ ಕೂರುತ್ತಿಲ್ಲ ಎಂದರ್ಥ. ಹಳೆಯದು ಕೊಳ್ಳುವವರು ಇದನ್ನು ತಪ್ಪಿಸಲೇಬಾರದು. ಖಾಸಗಿಯವರಿಂದ ಕೊಳ್ಳುವುದಾದರೆ, ಮಾರುವವರು ಕನಿಷ್ಠ 45 ದಿನ ಮೊದಲೇ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿರಬೇಕು.

ಮಳೆಗಾಲ

ಹೊರಗಿನಿಂದ ಬಂದ ಯಾವ ಪುಸ್ತಕದಲ್ಲೂ ನಮ್ಮ ಜೂನ್, ಜುಲೈ ಇರುವುದಿಲ್ಲ. ಬಟ್ಟೆಗೆ ಬೂಸ್ಟು ಹಿಡಿಯುವ ಊರಿನಲ್ಲಿ ಉಕ್ಕು ಬಿಟ್ಟೀತೇ? ಚರ್ಮದ ಚೀಲದಲ್ಲಿ ಇಡಲೇಬೇಡಿ. ಚರ್ಮ ನೀರು ಹಿಡಿಯುತ್ತದೆ, ಹಿತ್ತಾಳೆ ತೋಟಾದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಅದು ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಎಣ್ಣೆ ಸವರಿ, ಒಣ ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಉಕ್ಕಿನ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒರೆಸಿ. ತೋಟಾಗೆ ಎಣ್ಣೆ ಮುಟ್ಟಿಸಬೇಡಿ, ಒಳಗಿನ ಮದ್ದು ಕೆಡುತ್ತದೆ. ಪೆಟ್ಟಿಗೆಗೆ ಬೀಗ ಇರಲಿ, ಕೀಲಿ ದೇವರ ಫೋಟೋ ಹಿಂದೆ ಬೇಡ. ರಜೆಗೆ ಬರುವ ಮೊಮ್ಮಕ್ಕಳು ಮೊದಲು ಹುಡುಕುವ ಜಾಗ ಅದು.

ಆತ್ಮರಕ್ಷಣೆಯ ಹಕ್ಕು ಎಲ್ಲಿಯವರೆಗೆ ಎಂಬುದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. ರಾತ್ರಿ ಮನೆ ಒಡೆದು ನುಗ್ಗುವವನ ವಿಷಯ ಒಂದು, ಕಾಳುಮೆಣಸು ಕದ್ದು ತೋಟದಲ್ಲಿ ಓಡುವವನ ವಿಷಯ ಇನ್ನೊಂದು. ಓಡುವವನ ಬೆನ್ನಿಗೆ ಹೊಡೆದರೆ ಜೈಲು ನಿಮಗೇ. ಮನೆಯಲ್ಲೇ ಒಮ್ಮೆ ಸುತ್ತಾಡಿ, ಯಾವ ಬಾಗಿಲಿನ ಆಚೆ ಯಾರು ಮಲಗುತ್ತಾರೆ ಎಂದು ನೋಡಿಟ್ಟುಕೊಳ್ಳಿ. ಹಲಗೆ ಬಾಗಿಲನ್ನು ಗುಂಡು ದಾಟುತ್ತದೆ, ತೋಟದ ಕೆಲಸಗಾರರ ಲೈನ್ ಮನೆಗಳು ಹತ್ತಿರವಿದ್ದರೆ ಆ ದಿಕ್ಕೇ ಬೇಡ.

ಕೊಂಡ ಮೇಲೆ ಆಯುಧದ ನಂಬರ್ ಲೈಸೆನ್ಸ್‌ನಲ್ಲಿ ನಮೂದಾಗಿದೆಯೇ, ಒಂದು ಅಂಕೆಯೂ ತಪ್ಪಿಲ್ಲವೇ ಎಂದು ಅಲ್ಲೇ ನಿಂತು ಓದಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳಿದರೆ ಎಣ್ಣೆ ಸವರಿಯೇ ಕೊಡಿ, ಒಯ್ಯುವ ಮುಂಚೆ ಫೋಟೋ ತೆಗೆದಿಡಿ, ನಂಬರ್ ಬರೆದ ರಸೀದಿ ಕೈಗೆ ಬರದೆ ಕದಲಬೇಡಿ.