ಬರೀ ಡಿಗ್ರಿಗೆ ಎಷ್ಟು ಬೆಲೆ? ಕಾಲೇಜು ಸೇರುವ ಮುಂಚೆ ಹಾಕಬೇಕಾದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು: ‘ಸುಮ್ನೆ ಇರೋದಕ್ಕಿಂತ ಒಂದು ಬಿಎ ಆದ್ರೂ ಮಾಡ್ಲಿ.’ ಆ ‘ಆದ್ರೂ’ ಅನ್ನುವ ಪದಕ್ಕೆ ನಾಲ್ಕೈದು ಲಕ್ಷ ರೂಪಾಯಿ ಬೀಳುತ್ತದೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದರೂ. ದೊಡ್ಡ ಖರ್ಚು ಫೀಸಲ್ಲ, ಓದುವಾಗ ಕೈಬಿಟ್ಟ ಸಂಬಳ.

ಒಂದು ಹಾಳೆ ತೆಗೆದುಕೊಂಡು ಮೊದಲು ಅದನ್ನೇ ಬರೆಯಿರಿ. 2024-25ರಿಂದ ಕರ್ನಾಟಕದಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ, ಅಂದರೆ 36 ತಿಂಗಳು. ಪಿಯುಸಿ ಮುಗಿಸಿದ ಹುಡುಗನಿಗೆ ಅಂಗಡಿಯಲ್ಲೋ ಗೋದಾಮಿನಲ್ಲೋ ತಿಂಗಳಿಗೆ 15,000 ಕೈಗೆ ಬರುತ್ತದೆ ಅಂದುಕೊಳ್ಳೋಣ (ಇಲ್ಲಿನ ಸಂಬಳ, ಖರ್ಚಿನ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕೆ, ನಿಮ್ಮವನ್ನು ನೀವು ಹಾಕಿಕೊಳ್ಳಿ). 36 ತಿಂಗಳಿಗೆ 5,40,000. ಫೀಸು, ಪರೀಕ್ಷಾ ಶುಲ್ಕ ವರ್ಷಕ್ಕೆ 10,000. ಬಸ್ಸು, ಜೆರಾಕ್ಸು, ಪುಸ್ತಕ 15,000. ಮೂರು ವರ್ಷಕ್ಕೆ 75,000. ಊಟ, ಬಟ್ಟೆ ಸೇರಿಸಬೇಡಿ. ಕಾಲೇಜಿಗೆ ಹೋದರೂ ಹೋಗದಿದ್ದರೂ ಅದು ಇದ್ದದ್ದೇ.

ಇನ್ನು ಕಳೆಯುವುದು. ಮಧ್ಯಾಹ್ನದ ಮೇಲೆ ಪಾರ್ಟ್ ಟೈಮ್ ಮಾಡಿ ತಿಂಗಳಿಗೆ 5,000ದಂತೆ 30 ತಿಂಗಳು ದುಡಿದರೆ 1,50,000. ರೈತರ ಮಕ್ಕಳಾದರೆ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಲ್ಲಿ ಬಿಎ, ಬಿಕಾಂ, ಬಿಎಸ್ಸಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ನಿಗದಿಯಾಗಿದೆ. ಹುಡುಗನಿಗೆ ಮೂರು ವರ್ಷಕ್ಕೆ 15,000. ಹುಡುಗಿಯಾದರೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನ ಖರ್ಚೂ ಉಳಿಯುತ್ತದೆ. ಹುಡುಗನ ಲೆಕ್ಕದಲ್ಲಿ ಕೂಡಿ ಕಳೆದರೆ ನಿವ್ವಳ 4,50,000. ಡಿಗ್ರಿಯ ನಿಜವಾದ ಅಸಲು ಇದು.

ಅಸಲು ಹುಟ್ಟಲು ಎಷ್ಟು ಕಾಲ ಬೇಕು? ಮೂರು ವರ್ಷ ಕೆಲಸ ಮಾಡಿದ ಪಿಯುಸಿ ಹುಡುಗ ಅಷ್ಟರಲ್ಲಿ 18,000ಕ್ಕೆ ಬಂದಿರುತ್ತಾನೆ. ಹೊಸದಾಗಿ ಡಿಗ್ರಿ ಮುಗಿಸಿದವನಿಗೆ 22,000 ಸಿಕ್ಕರೆ ವ್ಯತ್ಯಾಸ 4,000. 4,50,000ವನ್ನು 4,000ದಿಂದ ಭಾಗಿಸಿ: 112 ತಿಂಗಳ ಮೇಲೆ, ಅಂದರೆ ಒಂಬತ್ತು ವರ್ಷಕ್ಕೂ ಹೆಚ್ಚು. ವ್ಯತ್ಯಾಸ ಬರೀ ಸಾವಿರವಾದರೆ ಮೂವತ್ತೇಳೂವರೆ ವರ್ಷ! ಅದೇ ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ 60,000 ಕಟ್ಟಿದರೆ ಅಸಲು 6,00,000ಕ್ಕೆ ಏರಿ, 4,000ದ ವ್ಯತ್ಯಾಸಕ್ಕೆ ಹನ್ನೆರಡೂವರೆ ವರ್ಷ ಹಿಡಿಯುತ್ತದೆ. ಖಾಸಗಿಯವರ ಕೈಪಿಡಿಯಲ್ಲಿ ಮೊದಲ ವರ್ಷದ ಫೀಸು ಮಾತ್ರ ಇರಬಹುದು. ಕೊನೆಯ ವರ್ಷದಲ್ಲಿ ಓದುತ್ತಿರುವ ಯಾರನ್ನಾದರೂ ಹಿಡಿದು ಮೂರೂ ವರ್ಷದ ರಸೀದಿ ನೋಡಿ.

ಈ ಲೆಕ್ಕದ ಗಟ್ಟಿತನವೆಲ್ಲ ‘ವ್ಯತ್ಯಾಸ’ದ ಅಂಕಿಯಲ್ಲಿದೆ. ಅದನ್ನು ನೆಂಟರ ಬಾಯಿಂದ ತೆಗೆದುಕೊಳ್ಳಬೇಡಿ. ಕೆಲಸದ ಆ್ಯಪ್‌ನಲ್ಲಿ ಒಂದೇ ಏರಿಯಾ, ಒಂದೇ ಬಗೆಯ ಕೆಲಸ ಹಾಕಿ, ಪಿಯುಸಿ ಪಾಸ್ ಕೇಳುವ ಹತ್ತು, ಯಾವುದೇ ಪದವಿ ಕೇಳುವ ಹತ್ತು ಜಾಹೀರಾತು ಪಕ್ಕಪಕ್ಕ ಬರೆದುಕೊಳ್ಳಿ. ವಾಯ್ಸ್ ಪ್ರೋಸೆಸ್ (ಕಾಲ್ ಸೆಂಟರ್) ಕೆಲಸಗಳಲ್ಲಿ ಇಂಗ್ಲಿಷ್ ಚೆನ್ನಾಗಿದ್ದರೆ ಎರಡೂ ಪಟ್ಟಿ ಹೆಚ್ಚುಕಡಿಮೆ ಒಂದೇ ಸಂಬಳ ತೋರಿಸುವುದುಂಟು. ಅಲ್ಲಿ ಡಿಗ್ರಿಗೆ ಬೆಲೆ ಇಲ್ಲ, ನಾಲಿಗೆಗೆ ಇದೆ. ಇನ್ನೊಂದು ಮೋಸ ಸಿಟಿಸಿಯದು, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚಿನ ಅಂಕಿಯದು. ವರ್ಷಕ್ಕೆ 2,40,000 ಸಿಟಿಸಿ ಅಂದರೆ ತಿಂಗಳಿಗೆ 20,000 ಕೈಗೆ ಬರುತ್ತದೆ ಅಂದುಕೊಳ್ಳುತ್ತಾರೆ. 15,000ಕ್ಕೆ ಲೆಕ್ಕ ಹಾಕಿ ಪಿಎಫ್ ಹಿಡಿದರೆ ಕಂಪನಿಯ ಪಾಲು 1,800, ನಿಮ್ಮ ಪಾಲು 1,800, ಜತೆಗೆ ಎರಡೂ ಕಡೆಯ ಇಎಸ್ಐ (ಆರೋಗ್ಯ ವಿಮೆ). ಎಲ್ಲ ಹೋಗಿ ಕೈಗೆ ಬರುವುದು 16,000ದ ಆಸುಪಾಸು. ಪಿಎಫ್ ನಿಮ್ಮದೇ ದುಡ್ಡು ನಿಜ, ಆದರೆ ಹೋಲಿಸುವಾಗ ಎರಡೂ ಕಡೆ ಕೈಗೆ ಬರುವ ಹಣವನ್ನೇ ಹಿಡಿಯಿರಿ.

ಡಿಗ್ರಿಗೆ ಖಚಿತ ಬೆಲೆ ಇರುವುದು ಅದಿಲ್ಲದೆ ಬಾಗಿಲೇ ತೆರೆಯದ ಕಡೆ. ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ) ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ) ಹುದ್ದೆಗೆ ಪದವಿ ಬೇಕು. ಏಳನೇ ವೇತನ ಆಯೋಗದ ನಂತರ ಎಸ್‌ಡಿಎ ಆರಂಭದ ಮೂಲವೇತನ 34,100, ಎಫ್‌ಡಿಎಗೆ 44,425. ತಿಂಗಳಿಗೆ ಹತ್ತು ಸಾವಿರದ ವ್ಯತ್ಯಾಸವಾದ್ದರಿಂದ ನಮ್ಮ ಲೆಕ್ಕದ ಅಸಲು ನಾಲ್ಕು ವರ್ಷದೊಳಗೇ ಹುಟ್ಟುತ್ತದೆ. ಪಿಡಿಒ, ಕೆಎಎಸ್, ಬ್ಯಾಂಕ್ ಕ್ಲರ್ಕ್, ಬಿಎಡ್, ಎಲ್ಲಕ್ಕೂ ಪದವಿ ಬೇಕು. ಆದರೆ ಡಿಗ್ರಿ ಕೊಡುವುದು ಪರೀಕ್ಷೆ ಬರೆಯುವ ಹಕ್ಕನ್ನು, ಕೆಲಸವನ್ನಲ್ಲ. ಆ ಪರೀಕ್ಷೆಗಾಗಿ ಬೆಂಗಳೂರಿನ ವಿಜಯನಗರದಲ್ಲಿ ತಿಂಗಳಿಗೆ 7,000ದ ಪಿಜಿ ರೂಮು ಹಿಡಿದು ಎರಡು ವರ್ಷ ಓದುವ ಯೋಚನೆ ಇದ್ದರೆ ಆ 1,68,000, ಕೋಚಿಂಗ್ ಫೀಸು, ಆ ಎರಡು ವರ್ಷದ ಕೈಬಿಟ್ಟ ಸಂಬಳ ಮೂರನ್ನೂ ಅಸಲಿಗೆ ಸೇರಿಸಿ. ಮೇಷ್ಟ್ರಾಗುವ ಆಸೆ ಇದ್ದವರು ಬಿಎಡ್‌ಗೆ ಸಾಮಾನ್ಯ ವರ್ಗಕ್ಕೆ 50% ಬೇಕು ಅನ್ನುವುದನ್ನೂ, ಪಾಠ ಮಾಡುವ ವಿಷಯವನ್ನು ಪದವಿಯಲ್ಲಿ ಓದಿರಬೇಕು ಅನ್ನುವುದನ್ನೂ ಸೇರುವ ದಿನವೇ ನೋಡಿಕೊಂಡು ಕಾಂಬಿನೇಷನ್ ಆರಿಸಬೇಕು.

ಯುವನಿಧಿಯನ್ನು ಡಿಗ್ರಿಯ ಲಾಭ ಅಂತ ಎಣಿಸುವವರಿದ್ದಾರೆ. ಪಾಸಾಗಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಪೂರ್ತಿ ಸಿಕ್ಕರೂ 72,000. ಅದು ಬರುತ್ತಿದೆ ಅಂದರೆ ಸಂಬಳ ಬರುತ್ತಿಲ್ಲ ಅಂತಲೇ ಅರ್ಥ.

ಅಸಲನ್ನೇ ಇಳಿಸುವ ದಾರಿಯೂ ಇದೆ. ಕೆಲಸ ಬಿಡದೆ ಸಂಜೆ ಕಾಲೇಜಿನಲ್ಲೋ ಮೈಸೂರಿನ ಮುಕ್ತ ವಿವಿಯಲ್ಲೋ ಓದಿದರೆ ಕೈಬಿಟ್ಟ ಸಂಬಳ ಸೊನ್ನೆ. ಅಸಲು 75,000ಕ್ಕೆ ಇಳಿದರೆ ಅದೇ 4,000ದ ವ್ಯತ್ಯಾಸಕ್ಕೆ 19 ತಿಂಗಳು ಸಾಕು. ದೂರಶಿಕ್ಷಣಕ್ಕೆ ಸೇರುವವರು ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಅಂತ ಯುಜಿಸಿಯ ಪಟ್ಟಿಯಲ್ಲೇ ನೋಡಬೇಕು. 2015ರಲ್ಲಿ ಮುಕ್ತ ವಿವಿಯ ಮಾನ್ಯತೆ ಹೋಗಿ 2018ರಲ್ಲಿ ಮರಳಿತು. ನಡುವೆ ಸಿಕ್ಕಿಕೊಂಡವರ ಪಾಡು ಇವತ್ತಿಗೂ ಮಾತಿಗೆ ಬರುತ್ತದೆ. ‘ಒಂದೇ ವರ್ಷದಲ್ಲಿ ಡಿಗ್ರಿ’ ಅನ್ನುವ ಬೋರ್ಡುಗಳತ್ತ ತಿರುಗಿಯೂ ನೋಡಬೇಡಿ. ಕಂಪನಿಯವರು ಅಂಕಪಟ್ಟಿಯನ್ನು ವಿವಿಗೆ ಕಳಿಸಿ ಪರಿಶೀಲಿಸುವ ಹೊತ್ತಿಗೆ ಸಿಕ್ಕ ಕೆಲಸವೂ ಹೋಗುತ್ತದೆ.

ಲೆಕ್ಕ ಹೆಚ್ಚು ಹಾಳಾಗುವುದು ಬ್ಯಾಕ್ ಪೇಪರ್‌ಗಳಿಂದ. ಒಂದೇ ಒಂದು ವಿಷಯ ಉಳಿದು ವರ್ಷ ಮನೆಯಲ್ಲಿ ಕೂತರೆ, ಜತೆಯವನು ಆ ವರ್ಷ ದುಡಿಯುವ 18,000 ಗುಣಿಸು 12, ಅಂದರೆ 2,16,000 ಹೋದಂತೆ. ಅಷ್ಟೇ ಅಲ್ಲ, ಸರ್ಕಾರಿ ಹುದ್ದೆಗಳಿಗೆ ವಿದ್ಯಾರ್ಹತೆಯನ್ನು ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಕ್ಕೆ ನೋಡುತ್ತಾರೆ; ಫಲಿತಾಂಶ ಅದರ ಮರುದಿನ ಬಂದರೂ ಆ ಅಧಿಸೂಚನೆ ಕೈತಪ್ಪಿದಂತೆಯೇ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಉಳಿದ ಪೇಪರನ್ನು ಆರನೆಯದರವರೆಗೆ ಎಳೆಯದೆ, ಮುಂದಿನ ಅವಕಾಶದಲ್ಲೇ ಶುಲ್ಕ ಕಟ್ಟಿ ಬರೆದುಬಿಡಿ.