ಹಳೇ ಹಾರ್ಡ್ ಡಿಸ್ಕಿಗೊಂದು ಡಬ್ಬಿ

ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿದಾಗ ಹಳೇ 500 ಜಿಬಿ ಹಾರ್ಡ್ ಡಿಸ್ಕನ್ನು ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟಿದ್ದರು. ಎರಡು ವರ್ಷ ಅದು ಡ್ರಾಯರಿನಲ್ಲಿ ಕರೆಂಟ್ ಬಿಲ್ಲುಗಳ ಕೆಳಗೆ ಬಿದ್ದಿತ್ತು. ಮೊನ್ನೆ ಅಕ್ಕ ಫೋನ್ ಮಾಡಿ, "ಪುಟ್ಟನ ನಾಮಕರಣದ ಫೋಟೋ ನಿನ್ನ ಹತ್ರ ಇತ್ತಲ್ಲೋ, ಕಳಿಸೋ" ಅಂದಾಗಲೇ ನೆನಪಾಗಿದ್ದು. ಎಲ್ಲ ಅದರೊಳಗೇ ಇದ್ದವು.

ಡಿಸ್ಕನ್ನು ಯುಎಸ್‌ಬಿಗೆ ಸೇರಿಸಲು ಒಂದು ಎನ್‌ಕ್ಲೋಷರ್, ಅಂದರೆ ಡಿಸ್ಕ್ ಕೂರಿಸುವ ಡಬ್ಬಿ ಬೇಕು. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಎರಡೂವರೆ ಇಂಚಾ ಸರ್, ಮೂರೂವರೆನಾ?" ಲ್ಯಾಪ್‌ಟಾಪಿನದು ಎರಡೂವರೆ. ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟೂ ಬೇಕು, ಹಾಗಾಗಿ ಅದರ ಡಬ್ಬಿಗೆ ಬೇರೆ ಅಡಾಪ್ಟರ್ ಇರುತ್ತದೆ.

ಅವರು ಕೇಳದ, ನಾನೂ ಯೋಚಿಸದ ವಿಷಯ ದಪ್ಪ. ತೆಳ್ಳಗೆ ಚೆನ್ನಾಗಿದೆ ಅಂತ ಒಂದನ್ನು ಆರಿಸಿಕೊಂಡು ಬಂದೆ. ಅದರಲ್ಲಿ 7 ಮಿಲಿಮೀಟರಿನ ಡಿಸ್ಕ್ ಮಾತ್ರ ಕೂರುತ್ತಿತ್ತು, ನನ್ನದು 9.5. ಮುಚ್ಚಳ ಒತ್ತಿದಷ್ಟೂ ಮೇಲೇಳುತ್ತಿತ್ತು. ಬದಲಾಯಿಸಿಕೊಳ್ಳಲು ಮತ್ತೆ ಮೆಟ್ರೋ ಹತ್ತಬೇಕಾಯಿತು. ನೀವು ಹೋಗುವಾಗ ಡಿಸ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿ.

ಸರಿಯಾದ ಡಬ್ಬಿ ಸಿಕ್ಕ ಮೇಲೆ ಕೂರಿಸುವುದು ಎರಡು ನಿಮಿಷದ ಕೆಲಸ. ಡಿಸ್ಕನ್ನು ಜೋಡಿಸುವ ಸಾಟಾ ಕನೆಕ್ಟರಿನಲ್ಲಿ ಎರಡು ತುಂಡು: ಡೇಟಾದ್ದು ಗಿಡ್ಡ, ಪವರಿನದು ಉದ್ದ. ತಿರುಗುಮುರುಗಾಗಿ ಹೋಗುವುದೇ ಇಲ್ಲ. ಮಟ್ಟಸವಾಗಿ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಸಾಕು.

ಎದೆ ಧಸಕ್ ಅಂದದ್ದು ಆಮೇಲೆ. ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಚುಚ್ಚಿದೆ. ನೀಲಿ ಲೈಟ್ ಬಂತು. ಒಳಗಿನಿಂದ ಟಿಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಕೈಯಿಟ್ಟರೆ ಡಿಸ್ಕ್ ತಿರುಗಲು ಹೊರಟು ನಿಂತುಬಿಡುವುದು ಗೊತ್ತಾಗುತ್ತಿತ್ತು. ಹೋಯಿತು, ಅಕ್ಕನಿಗೆ ಏನು ಹೇಳಲಿ ಅಂದುಕೊಂಡೆ. ಆಮೇಲೆ ಹೊಳೆಯಿತು, ಅದು ಹಳೇ ಯುಎಸ್‌ಬಿ 2 ಪೋರ್ಟ್. ಅದು ಕೊಡಬೇಕಾದ ಕರೆಂಟಿನ ಲೆಕ್ಕ 500 ಮಿಲಿಆಂಪ್. ಡಿಸ್ಕಿನ ಮೋಟಾರಿಗೆ ಶುರುವಿನಲ್ಲಿ ಅದಕ್ಕಿಂತ ಜಾಸ್ತಿ ಬೇಕು. ಸಾಲದ್ದಕ್ಕೆ ನಾನು ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಬೇರೆ ಹಾಕಿದ್ದೆ. ಡಬ್ಬಿಯ ಜೊತೆ ಬಂದ ಗಿಡ್ಡ ಕೇಬಲನ್ನೇ ಹಿಂಭಾಗದ ನೀಲಿ ಪೋರ್ಟಿಗೆ ಹಾಕಿದೆ. ಅದು ಯುಎಸ್‌ಬಿ 3, 900 ಮಿಲಿಆಂಪ್. ಜುಂಯ್ ಅಂತ ತಿರುಗಿತು. ಎಲ್ಲ ಟಿಕ್ ಸದ್ದಿಗೂ ಇದೇ ಮದ್ದಲ್ಲ, ಪವರ್ ಸರಿಯಿದ್ದೂ ಟಿಕ್ ಅಂದರೆ ಡಿಸ್ಕೇ ಕೆಟ್ಟಿರಬಹುದು. ಆದರೆ ಕಸಕ್ಕೆ ಎಸೆಯುವ ಮುಂಚೆ ಪೋರ್ಟೂ ಕೇಬಲ್ಲೂ ಬದಲಾಯಿಸಿ ನೋಡಿ.

ನನ್ನ ಹಳೇ ಯೂಸರ್ ಫೋಲ್ಡರ್ ತೆರೆಯಹೋದರೆ ವಿಂಡೋಸ್ ಅನುಮತಿ ಇಲ್ಲ ಅಂದಿತು. ನಂದೇ ಡಿಸ್ಕು, ನಂಗೇ ಅನುಮತಿ ಇಲ್ವಾ! ಕಂಟಿನ್ಯೂ ಒತ್ತಿ ಕಾಯಬೇಕು, ಅಷ್ಟೇ. ಡಿಸ್ಕಿಗೇ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದಿದ್ದರೆ ಮಾತ್ರ ಕಷ್ಟವಿತ್ತು, ಪಾಸ್‌ವರ್ಡೋ 48 ಅಂಕಿಯ ರಿಕವರಿ ಕೀಯೋ ಬೇಕಾಗುತ್ತಿತ್ತು. ಇನ್ನು "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ದೊಡ್ಡ ವಿಡಿಯೋಗಳು ಸೆಕೆಂಡಿಗೆ ಸುಮಾರು 80 ಎಂಬಿ ವೇಗದಲ್ಲಿ ಬಂದವು. ಸಾವಿರಾರು ಸಣ್ಣ ಫೋಟೋಗಳದ್ದು ಮಾತ್ರ ಎತ್ತಿನ ಗಾಡಿ. ಹಚ್ಚಿಟ್ಟು ಊಟಕ್ಕೆ ಹೋದೆ.

ಎಲ್ಲ ಇಳಿಸಿಕೊಂಡ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿದೆ. ಹಳದಿ ಬಣ್ಣದಲ್ಲಿ 'ಕಾಷನ್' ಅಂತಿತ್ತು, ಕೆಲವು ಸೆಕ್ಟರ್ (ಡೇಟಾ ಕೂರುವ ಸಣ್ಣ ಸಣ್ಣ ತುಂಡುಗಳು) ಕೆಡುತ್ತಿವೆ. ಡ್ರಾಯರಿನಲ್ಲಿ ಇನ್ನೆರಡು ವರ್ಷ ಬಿಟ್ಟಿದ್ದರೆ ಏನಾಗುತ್ತಿತ್ತೋ. ಇಂಥದ್ದರಲ್ಲಿ ಬ್ಯಾಕಪ್ ಇಡುವ ಧೈರ್ಯ ನನಗಿಲ್ಲ. ಹೋದರೂ ಅಳಬೇಕಿಲ್ಲದ ಸಿನಿಮಾಗಳಿಗೆ ಅಂತ ಎಕ್ಸ್‌ಫ್ಯಾಟ್‌ಗೆ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿದೆ, ನಮ್ಮ ಹಳೇ ಟಿವಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ವಿಂಡೋಸಿನದೇ ಪದ್ಧತಿಯಾದ ಎನ್‌ಟಿಎಫ್‌ಎಸ್ ಮಾಡಿದ ಮೇಲೆ ಟಿವಿ ಒಪ್ಪಿಕೊಂಡಿತು. ಈಗ ಟಿವಿ ಪಕ್ಕದಲ್ಲೇ ಅದರ ವಾಸ.