ಬ್ಯಾಸ್ ಮೀನಿಗೆ ಗಾಳ: ನಾನು ಕೊಕ್ಕೆಯಿಂದ ಲೆಕ್ಕ ಹಾಕುವ ಬಗೆ

ಟೆಕ್ಸಾಸ್‌ನಲ್ಲಿ ಮೀನು ಹಿಡಿಯುವ ಸಾಮಾನಿನ ದೊಡ್ಡ ಅಂಗಡಿಗೆ ಹೋದರೆ ಸಾಲುಗಟ್ಟಿ ನಿಂತ ರಾಡ್‌ಗಳೇ, ಅಂದರೆ ಗಾಳದ ಕೋಲುಗಳೇ, ಮೊದಲು ಕಣ್ಣಿಗೆ ಬೀಳುತ್ತವೆ. ಹೊಸಬರು ಒಂದೊಂದನ್ನೇ ಎತ್ತಿಕೊಂಡು ಗಾಳಿಯಲ್ಲಿ ಬೀಸಿ ನೋಡುತ್ತಾರೆ. ಅದರಿಂದ ಕೋಲಿನ ತೂಕವೊಂದನ್ನು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ನನ್ನ ಕ್ರಮ ಇದಕ್ಕೆ ತಿರುವುಮುರುವು. ಮೀನು ಎಲ್ಲಿ ಅಡಗಿದೆ, ಅಲ್ಲಿಗೆ ಯಾವ ಲೂರ್ (ಮೀನನ್ನು ಮರುಳು ಮಾಡುವ ಕೃತಕ ಎರೆ) ನುಗ್ಗಬಲ್ಲದು, ಆ ಲೂರ್‌ನಲ್ಲಿರುವ ಕೊಕ್ಕೆ ಎಂಥದ್ದು, ಅದು ನಾಟಬೇಕಾದರೆ ಎಂಥ ದಾರ ಬೇಕು ಎಂಬುದೆಲ್ಲ ಇತ್ಯರ್ಥವಾದ ಮೇಲೆ ರಾಡ್‌ನ ಸರದಿ. ಅಷ್ಟು ಹೊತ್ತಿಗೆ ಆಯ್ಕೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ನಾನು ಹೆಚ್ಚಾಗಿ ಹೋಗುವುದು ಡಲ್ಲಾಸ್‌ನ ಪೂರ್ವಕ್ಕಿರುವ ಲೇಕ್ ಫೋರ್ಕ್‌ಗೆ. ಹೆಸರಿಗೆ ಸರೋವರವಾದರೂ ಇದು 1980ರ ದಶಕದಲ್ಲಿ ತುಂಬಿದ, ಸುಮಾರು 27,000 ಎಕರೆಯ ಜಲಾಶಯ. ಕಟ್ಟುವಾಗ ಬಹಳಷ್ಟು ಮರಗಳನ್ನು ಕಡಿಯದೆ ಹಾಗೆಯೇ ಮುಳುಗಲು ಬಿಟ್ಟರು. ಶರಾವತಿ ಹಿನ್ನೀರಿನಲ್ಲಿ ಬೇಸಿಗೆಗೆ ತಲೆಯೆತ್ತುವ ಬೊಡ್ಡೆಗಳನ್ನು ಕಂಡವರಿಗೆ ಇಲ್ಲಿನ ನೋಟ ಹೊಸದೆನಿಸುವುದಿಲ್ಲ. ಲಾರ್ಜ್‌ಮೌತ್ ಬ್ಯಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರಿನ ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಅದು ಬೇಟೆಯನ್ನು ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಮೀನಲ್ಲ, ಹೊಂಚು ಹಾಕುವ ಜಾತಿ. ಬೊಡ್ಡೆಯ ಪಕ್ಕದಲ್ಲೋ ನೀರುಗಿಡಗಳ ಅಂಚಿನಲ್ಲೋ ಅಲುಗಾಡದೆ ನಿಂತಿದ್ದು, ಹತ್ತಿರ ಸುಳಿದದ್ದನ್ನು ಬಾಯಗಲಿಸಿ ನೀರಿನ ಸಮೇತ ಒಳಗೆ ಸೆಳೆದುಕೊಳ್ಳುತ್ತದೆ. ರುಚಿಸದಿದ್ದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಸಲಕರಣೆಯ ಲೆಕ್ಕವೆಲ್ಲ ಆ ಸೆಳೆತಕ್ಕೂ ಉಗುಳಿಗೂ ನಡುವಿನ ಹೊತ್ತಿನದು.

ಬೊಡ್ಡೆಗಳ ನಡುವೆ ನಾನು ನಂಬಿರುವುದು ಟೆಕ್ಸಾಸ್ ರಿಗ್ ಎಂಬ ಜೋಡಣೆಯನ್ನು. ದಾರಕ್ಕೆ ಮೊದಲು ಬಂದೂಕಿನ ಗುಂಡಿನಾಕಾರದ ಭಾರವನ್ನು ಪೋಣಿಸುತ್ತೇನೆ. ತೂಕ ಕಾಲು ಔನ್ಸ್, ಆಳ ಹೆಚ್ಚಿದ್ದರೆ 3/8 ಔನ್ಸ್. ಅದರ ಕೆಳಗೆ 3/0 ಗಾತ್ರದ, ಅಗಲವಾದ ಬಾಗಿನ ಒಂಟಿ ಕೊಕ್ಕೆ. ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ತಲೆಗೆ ಕೊಕ್ಕೆಯ ಮೊನೆಯನ್ನು ಕಾಲಿಂಚು ಚುಚ್ಚಿ ಪಕ್ಕದಿಂದ ಹೊರತೆಗೆದು, ದಾರ ಕಟ್ಟುವ ಕಣ್ಣಿನ ತನಕ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಬೇಕು. ಈಗ ಹುಳುವನ್ನು ಕೊಕ್ಕೆಯ ಪಕ್ಕಕ್ಕೆ ಹಿಡಿದು, ಬಾಗು ತಾಗುವ ಜಾಗವನ್ನು ಉಗುರಿನಿಂದ ಗುರುತಿಸಿ, ಅಲ್ಲಿಯೇ ಮೊನೆಯನ್ನು ಮತ್ತೆ ಒಳಗೆ ಹುದುಗಿಸಬೇಕು. ಹುಳು ನೇರವಾಗಿ ಕೂತಿರಬೇಕು. ಎಲ್ಲಾದರೂ ಮುದುಡಿಕೊಂಡಿದ್ದರೆ ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನು ಹುರಿಗೊಳಿಸುತ್ತದೆ. ಮೊನೆ ಪ್ಲಾಸ್ಟಿಕ್ಕಿನೊಳಗೆ ಅಡಗಿರುವುದರಿಂದ ಕೊಂಬೆಗೆ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ.

ಮೀನು ಬಾಯಿಗೆ ಹಾಕಿಕೊಂಡಾಗ ಈ ಕೊಕ್ಕೆ ಮೊದಲು ಪ್ಲಾಸ್ಟಿಕ್ಕನ್ನು ದಾಟಿ, ಆಮೇಲೆ ಗಟ್ಟಿ ದವಡೆಗೆ ನಾಟಬೇಕು. ತಂತಿಯೂ ದಪ್ಪ. ಹಾಗಾಗಿ ಜೋರಾದ ಜಗ್ಗು ಬೇಕೇ ಬೇಕು, ದಾರ ಹೆಚ್ಚು ಹಿಗ್ಗಬಾರದು, ರಾಡ್ ಸುಲಭವಾಗಿ ಬಗ್ಗಬಾರದು. ಇಲ್ಲಿಗೆ ಮೊದಲನೆಯ ರಾಡ್ ತಾನಾಗಿ ನಿಗದಿಯಾಯಿತು: 7 ಅಡಿಯ ಗ್ರಾಫೈಟ್, ಶಕ್ತಿ ಮೀಡಿಯಂ ಹೆವಿ, ಬಾಗು ಫಾಸ್ಟ್. ರಾಡ್‌ನ ಮೇಲಿನ ಬರಹದಲ್ಲಿ ಈ ಎರಡು ಬೇರೆ ಬೇರೆ ಸಂಗತಿಗಳು. ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು ಶಕ್ತಿ, ಎಲ್ಲಿಂದ ಬಗ್ಗುತ್ತದೆ ಎಂಬುದು ಬಾಗು. ಫಾಸ್ಟ್ ರಾಡ್ ತುದಿಯ ಭಾಗದಲ್ಲಷ್ಟೇ ಬಗ್ಗುತ್ತದೆ, ಮಾಡರೇಟ್ ಆದರೆ ನಡುವಿನವರೆಗೂ. ಪಕ್ಕದಲ್ಲೇ ಯಾವ ತೂಕದ ಲೂರ್, ಎಷ್ಟು ಪೌಂಡಿನ (ಅಂದರೆ ಅಷ್ಟು ಎಳೆತ ತಾಳುವ) ದಾರ ಎಂದೂ ಅಚ್ಚಾಗಿರುತ್ತದೆ. ಬೆಲೆಯ ಚೀಟಿಗಿಂತ ಮೊದಲು ಓದಬೇಕಾದ ಸಾಲು ಅದು.

ಎರಡನೆಯ ರಾಡ್ ಇದಕ್ಕೆ ತದ್ವಿರುದ್ಧ. ಕ್ರ್ಯಾಂಕ್‌ಬೈಟ್ ಎಂಬ ಮೀನಿನಾಕಾರದ ಲೂರ್‌ಗೆ ಮೂತಿಯ ಕೆಳಗೆ ಪ್ಲಾಸ್ಟಿಕ್ ತುಟಿ ಇರುತ್ತದೆ. ಎಳೆದಾಗ ಅದು ನೀರನ್ನು ತಳ್ಳಿಕೊಂಡು ಓಲಾಡುತ್ತಾ ಆಳಕ್ಕಿಳಿಯುತ್ತದೆ. ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಸಣ್ಣ ಕೊಕ್ಕೆಗಳು. ತೆಳು ತಂತಿಯಾದ್ದರಿಂದ ಮೀನು ತಿರುಗಿದರೆ ಸಾಕು, ತಾವಾಗಿ ನಾಟುತ್ತವೆ. ಆದರೆ ಬಾಯಂಚಿನ ತೆಳು ಚರ್ಮವನ್ನೇ ಹಿಡಿದಿರುವುದುಂಟು. ಬಿಗಿ ರಾಡ್‌ನಲ್ಲಿ ಜಗ್ಗಿದರೆ ಚರ್ಮ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಅದಕ್ಕೆಂದೇ ಗ್ಲಾಸ್ ಫೈಬರ್ ಬೆರೆತ, ಮಾಡರೇಟ್ ಬಾಗಿನ ಮೀಡಿಯಂ ರಾಡ್. ಮೀನು ನೀರಿನಿಂದ ಜಿಗಿದು ತಲೆ ಕೊಡವಿದಾಗ ಆ ಒದೆತವನ್ನು ಕೋಲು ನುಂಗಿಕೊಳ್ಳುತ್ತದೆ. ಒಂದೇ ರಾಡ್‌ನಲ್ಲಿ ಎಲ್ಲವನ್ನೂ ನಿಭಾಯಿಸಬಹುದು ಎನ್ನುವವರಿದ್ದಾರೆ. ನಿಭಾಯಿಸಬಹುದು, ಆದರೆ ಈ ಎರಡು ಕೊಕ್ಕೆಗಳು ಕೇಳುವುದು ಒಂದಕ್ಕೊಂದು ವಿರುದ್ಧವಾದ ಗುಣಗಳನ್ನು.

ದಾರದ ವಿಷಯದಲ್ಲಿ ವಾದಗಳಿಗೆ ಕೊನೆಯಿಲ್ಲ. ನನ್ನ ಮಟ್ಟಿಗೆ ಅದು ತೇಲುತ್ತದೆಯೇ ಮುಳುಗುತ್ತದೆಯೇ, ಹಿಗ್ಗುತ್ತದೆಯೇ ಎಂಬ ಎರಡೇ ಪ್ರಶ್ನೆ. ಹುಳುವಿಗೆ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ, ಸಾಮಾನ್ಯವಾಗಿ 15 ಪೌಂಡ್. ಮುಳುಗುತ್ತದೆ, ತೊಗಟೆಗೆ ಉಜ್ಜಿದರೂ ತಾಳುತ್ತದೆ, ನೈಲಾನಿಗಿಂತ ನೀರಿನಲ್ಲಿ ಕಡಿಮೆ ಕಾಣುತ್ತದೆ. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ನೀರಿನದು 1.33, ಇದರದ್ದು ಸುಮಾರು 1.42; ಎರಡೂ ಹತ್ತಿರವಿದ್ದಷ್ಟೂ ದಾರ ಕಡಿಮೆ ಕಾಣುತ್ತದೆ. ಅಂಗಡಿಯ ಜಾಹೀರಾತು ಹೇಳುವಂತೆ ಮಾಯವಾಗುವುದೇನಿಲ್ಲ. ನೀರಿನ ಮೇಲೆ ಗುಳುಗುಳು ಸದ್ದು ಮಾಡುವ ಪಾಪರ್ ಎಂಬ ಲೂರ್‌ಗೆ ಇದನ್ನು ಕಟ್ಟಿದರೆ ಮುಳುಗುವ ದಾರ ಅದರ ಮೂತಿಯನ್ನೇ ಕೆಳಗೆಳೆಯುತ್ತದೆ. ಅಲ್ಲಿಗೆ ಅಗ್ಗದ ನೈಲಾನ್ ವಾಸಿ. ಹೆಣೆದ ದಾರ ಬಹುತೇಕ ಹಿಗ್ಗುವುದಿಲ್ಲ, ತೇಲುತ್ತದೆ, ಮೇಲಾಗಿ ಬಹಳ ತೆಳು: 30 ಪೌಂಡಿನ ಹೆಣೆದ ದಾರ ಹೆಚ್ಚುಕಡಿಮೆ 8 ಪೌಂಡಿನ ನೈಲಾನಿನಷ್ಟು ದಪ್ಪವಿರುತ್ತದೆ. ಯಾವುದೇ ಇರಲಿ, ಬೊಡ್ಡೆಯಿಂದ ಬಿಡಿಸಿಕೊಂಡ ಪ್ರತಿ ಸಲವೂ ಕೊನೆಯ ಒಂದು ಗಜವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತೇನೆ. ಎಲ್ಲಾದರೂ ತರಕಲಾಗಿ ತಾಗಿದರೆ ಅಲ್ಲಿಗೆ ಕತ್ತರಿಸಿ ಹೊಸದಾಗಿ ಪಾಲೊಮಾರ್ ಗಂಟು ಹಾಕುತ್ತೇನೆ. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡದಿದ್ದರೆ ಫ್ಲೋರೋಕಾರ್ಬನ್ ಉಜ್ಜಿದ ಬಿಸಿಗೇ ದುರ್ಬಲವಾಗುತ್ತದೆ.

ಲೂರ್‌ನ ಬಣ್ಣಕ್ಕೆ ಅಂಗಡಿಯಲ್ಲಿ ಸಿಗುವ ಗೌರವವನ್ನು ನಾನು ಕೊಡುವುದಿಲ್ಲ. ತಿಳಿನೀರಿಗೆ ಕಂದು ಮಿಶ್ರಿತ ಹಸಿರು, ಮಳೆ ಬಂದು ಕೆಂಪಾದ ನೀರಿಗೆ ಕಪ್ಪು-ನೀಲಿ, ಅಷ್ಟೇ. ರಾಡಿ ನೀರಿನಲ್ಲಿ ಮೀನು ಮೈಯ ಪಾರ್ಶ್ವರೇಖೆಯಿಂದ ಕಂಪನವನ್ನೂ ಗ್ರಹಿಸುವುದರಿಂದ ಬಣ್ಣಕ್ಕಿಂತ ಲೂರ್‌ನ ಓಲಾಟ ಮುಖ್ಯ. ಟೆಕ್ಸಾಸ್‌ನ ದಾಖಲೆಯ ಬ್ಯಾಸ್, 18.18 ಪೌಂಡಿನದು, 1992ರಲ್ಲಿ ಇದೇ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿತು. ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಆಗ ಕ್ರ್ಯಾಪಿ ಎಂಬ ಬೇರೆಯೇ ಮೀನಿಗೆಂದು ಜೀವಂತ ಸಣ್ಣ ಮೀನನ್ನು ಕೊಕ್ಕೆಗೆ ಸಿಕ್ಕಿಸಿ ಕೂತಿದ್ದರು. ಲೂರ್ ಡಬ್ಬಿಗಳ ಮುಂದೆ ಕೈ ಜೇಬಿಗೆ ಹೋದಾಗಲೆಲ್ಲ ಇದು ನನಗೆ ನೆನಪಾಗುತ್ತದೆ.

ದಾರ ದಪ್ಪವಿರಲಿ ಎನ್ನಲು ಇನ್ನೊಂದು ಕಾರಣವಿದೆ. ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ಉದ್ದ, 24 ಇಂಚಿಗಿಂತ ಚಿಕ್ಕ ಬ್ಯಾಸ್ ಅನ್ನು ಇಟ್ಟುಕೊಳ್ಳುವಂತಿಲ್ಲ. ಖುಷಿ ಕೊಡುವ ಗಾತ್ರದವೆಲ್ಲ ಬಹುಪಾಲು ಅದರೊಳಗೇ ಬರುತ್ತವೆ, ಅಂದರೆ ನೀರಿಗೆ ವಾಪಸ್. ಊರಿನಿಂದ ಬಂದಿದ್ದ ಅಮ್ಮ, "ಬಿಡುವುದಕ್ಕೆ ಇಷ್ಟೆಲ್ಲ ಖರ್ಚು ಮಾಡಿ ಹಿಡಿಯಬೇಕೇನೋ?" ಎಂದು ಕೇಳಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಬಿಡುವ ಮೀನು ಬದುಕಬೇಕು. ಬಿಸಿಯಾದ ಬೇಸಿಗೆಯ ನೀರಿನಲ್ಲಿ ತೆಳು ದಾರ ಕಟ್ಟಿ ಹೊತ್ತುಗಟ್ಟಲೆ ಆಡಿಸಿದರೆ ಮೀನು ದಣಿದು ಬಿಟ್ಟ ಮೇಲೂ ಸಾಯಬಹುದು.

ಮೂರನೆಯ ರಾಡ್ ಎಂದು ಎಲ್ಲರೂ ಹೇಳುವುದು ಕಪ್ಪೆಗೆ. ನೀರುಗಿಡಗಳ ಹಾಸಿನ ಮೇಲೆ ಎಳೆದು ತರುವ, ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಸೊಪ್ಪಿನ ಸಮೇತ ಮೀನನ್ನು ಎತ್ತಬೇಕಾದ್ದರಿಂದ ಹೆವಿ ರಾಡ್ ಬೇಕೆನ್ನುತ್ತಾರೆ. ನಾನು ಅದನ್ನು ಕೊಂಡಿಲ್ಲ. 50 ಪೌಂಡಿನ ಹೆಣೆದ ದಾರ ಸುತ್ತಿದ ಬೇರೊಂದು ರೀಲ್ ಇಟ್ಟುಕೊಂಡಿದ್ದೇನೆ. ಹುಳುವಿನ ರಾಡ್‌ಗೇ ಅದನ್ನು ಕೂರಿಸುತ್ತೇನೆ. ಹಾಸು ತೀರಾ ದಟ್ಟವಾಗಿರುವ ಕಡೆ ಗಾಳ ಹಾಕದೆ, ಅದರ ಅಂಚುಗಳಿಗೂ ನಡುವಿನ ಕಿಂಡಿಗಳಿಗೂ ಮಾತ್ರ ಎಸೆಯುತ್ತೇನೆ.